ಜಗಲಿಯ ಹಲಗೆ

ವರ್ಮಾಂಟ್, ಮೇ 9

ಮನೆ ಒಡತಿ ಪೆಲ್ಟಿಯರ್ ಅಮ್ಮನವರಿಗೆ,

ಪಕ್ಕದವರು ಹೇಳಿದ್ದು ನಿಜ, ಜಗಲಿ ನಾರುತ್ತಿದೆ. ನಮ್ಮ ನಾಯಿ ಕೆಣಕಿದ್ದಕ್ಕೆ ಸ್ಕಂಕ್ ಪ್ರಾಣಿ ಬಾಲ ಎತ್ತಿ ತನ್ನ ನಾತದ ರಸ ಚಿಮ್ಮಿಸಿತು. ಅದು ಗಂಧಕದ ಎಣ್ಣೆ, ಎಳ್ಳಷ್ಟಿದ್ದರೂ ಮೂಗಿಗೆ ಬಡಿಯುತ್ತದೆ. ಮರದೊಳಗೆ ಇಳಿದಿರುವುದರಿಂದ ನೀರು ತಾಗಿದಾಗಲೆಲ್ಲ ಹೊಸದಾಗಿ ನಾರುತ್ತದೆ. ನಾತ ಹೋಗಲೆಂದು ನಾನು ಸುರಿದ ಟೊಮೆಟೊ ರಸವೆಲ್ಲ ದಂಡ.

ಹಲಗೆ ಬದಲಿಸಲು ಶನಿವಾರ ಬಡಗಿಯನ್ನು ಕಳಿಸುತ್ತೀರಂತೆ. ದಯವಿಟ್ಟು ಒಂದು ತಿಂಗಳು ತಡೆಯಿರಿ.

ಚಳಿಗಾಲದ ಜ್ವರದಲ್ಲಿ ನನ್ನ ಗಂಡ ಆರ್ಲೋಗೆ ವಾಸನೆ ತಿಳಿಯುವುದೇ ನಿಂತುಹೋಗಿ, ಬೇಕರಿ ಕೆಲಸ ಬಿಟ್ಟಿದ್ದರು. ಸ್ಕಂಕ್ ಚಿಮ್ಮಿಸಿದ ದಿನ ಮೂಗು ಮುಚ್ಚಿಕೊಂಡು, "ಏನೇ ಇದು, ಇಷ್ಟೊಂದು ನಾತ" ಅಂದರು. ಈಗ ಮಳೆ ಬಂದರೆ ಜಗಲಿಯಲ್ಲೇ ಕೂರುತ್ತಾರೆ.

ಇವತ್ತು ಹಾಸಿಗೆಯಿಂದಲೇ ಕೂಗಿದರು: "ಬ್ರೆಡ್ಡು ಸೀಯ್ತಿದೆ ನೋಡೇ."

ಸೀದಿತ್ತು. ಬೇಕಂತಲೇ ಇನ್ನೆರಡು ಹೋಳು ಸೀಯಿಸಿದೆ.

ಇಂತಿ ನಿಮ್ಮ ಬಾಡಿಗೆಯವಳು,
ಡೆಲ್ಫೀನ್