ತೆರೆಯ ಮೇಲಿನ ತಾಯಿಗೆ

ಖಾರ್, ಮುಂಬಯಿ
೧೯ ನವೆಂಬರ್ ೧೯೮೩

ಪ್ರೀತಿಯ ಇಂದುಬಾಯಿಗೆ,

ಕೇದಾರನ ನಮಸ್ಕಾರಗಳು. ನಿಮ್ಮ ಕಾಗದ ದಸರೆಗೆ ಮೊದಲೇ ಬಂದಿತ್ತು. ದೀಪಾವಳಿಯೂ ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸಬೇಕು. ಡಬ್ಬಿಂಗ್ ಇತ್ತು, ಕೆಮ್ಮು ಇತ್ತು ಎನ್ನಬಹುದು. ಎರಡೂ ನಿಜವೇ. ಆದರೆ ನಿಮ್ಮ ಮುಂದೆ ನೆಪ ಹೇಳಿ ನಾನು ಗೆದ್ದದ್ದು ಯಾವತ್ತೂ ಇಲ್ಲ.

ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ನಿಮ್ಮ ಅಣ್ಣನ ಮಗಳು ಮಂದಾ ಫೋನಿನಲ್ಲಿ ಹೇಳಿದಳು. "ಪಟ್ಟಿ ಬಿಚ್ಚಿದ ತಕ್ಷಣ ಅತ್ತೆ ನನ್ನ ಸೀರೆ ನೋಡಿ, ಈ ಬಣ್ಣ ನಿಂಗೆ ಒಪ್ಪಲ್ಲ ಅಂದ್ರು ಕಾಕಾ" ಎಂದು ದೂರು ಬೇರೆ ಕೊಟ್ಟಳು. ಅಷ್ಟು ಕಾಣುತ್ತಿದ್ದರೆ ಈ ಕಾಗದವನ್ನು ನೀವೇ ಓದುತ್ತೀರಿ, ಇನ್ನೊಬ್ಬರಿಂದ ಓದಿಸುವುದಿಲ್ಲ ಎಂದು ನಂಬಿದ್ದೇನೆ.

ಇಲ್ಲಿಯ ಸುದ್ದಿ ಒಳ್ಳೆಯದೇ. ನನ್ನ ನಿರ್ಮಾಣದ ಚಿತ್ರ ದಾದರಿನಲ್ಲಿ ಇಪ್ಪತ್ತೈದು ವಾರ ಓಡಿತು. ಅದರಲ್ಲಿ ನಾನು ಹುಡುಗಿಯ ಅಜ್ಜ. ಸಮಾರಂಭದಲ್ಲಿ ಶಾಲು ಹೊದಿಸಿದರು, ಹಾರದಲ್ಲಿದ್ದ ಇರುವೆ ಅಂಗಿಯೊಳಗೆ ಇಳಿದು ಭಾಷಣದುದ್ದಕ್ಕೂ ಕಚ್ಚಿತು. ಮರುದಿನ ಒಬ್ಬ ಪತ್ರಕರ್ತೆ ಮನೆಗೆ ಬಂದಳು. "ನಿಮ್ಮನ್ನ ಈ ಮಟ್ಟಕ್ಕೆ ತಂದೋರು ಯಾರು ಸರ್?" ಎಂದಳು. "ಇಂದುಮತಿ ರೇಗೆ" ಎಂದು ನಿಮ್ಮ ಹೆಸರು ಹೇಳಿದೆ. ಪುಣ್ಯಾತ್ಗಿತ್ತಿ, ಭಾನುವಾರದ ಪತ್ರಿಕೆಯಲ್ಲಿ ನಿಮ್ಮ ಫೋಟೋ ಹಾಕಿ ಕೆಳಗೆ "ಕೇದಾರ್ ಸಕ್ಸೇನಾ ಅವರ ತಾಯಿ" ಎಂದು ಅಚ್ಚು ಹಾಕಿಸಿದ್ದಾಳೆ. ಬರೇಲಿಯಿಂದ ನನ್ನ ತಮ್ಮ ಫೋನ್ ಮಾಡಿ, "ಅಣ್ಣಾ, ನಮ್ಮಮ್ಮ ಮರಾಠಿ ಯಾವಾಗ ಕಲಿತ್ಲು?" ಎಂದು ಕೇಳಿದ. ನನಗಿಂತ ನಾಲ್ಕೇ ವರ್ಷ ದೊಡ್ಡವರಾದ ನೀವು ಹನ್ನೊಂದು ಚಿತ್ರಗಳಲ್ಲಿ ನನ್ನ ತಾಯಿಯಾದಿರಿ. ಆ ಹುಡುಗಿಯದೇನು ತಪ್ಪು?

ಹಫೀಜ್ ಸಾಹೇಬರು ಹೋದದ್ದನ್ನು ಪತ್ರಿಕೆಯಲ್ಲಿ ನೋಡಿರುತ್ತೀರಿ. ನಮ್ಮಿಬ್ಬರನ್ನೂ ಮೊದಲ ಸಲ ಒಂದೇ ಚೌಕಟ್ಟಿನಲ್ಲಿ ನಿಲ್ಲಿಸಿದ ನಿರ್ದೇಶಕ ಅವರು. ಮಾಹಿಮಿನಲ್ಲಿ ಮಣ್ಣಿಗೆ ಹೋದಾಗ ಚಿತ್ರರಂಗದಿಂದ ಬಂದವರು ಏಳೋ ಎಂಟೋ ಜನ. ಹೆಗಲು ಕೊಡುವ ಭಾಗ್ಯ ನನಗೆ ಸಿಕ್ಕಿತು. ಹಿಂತಿರುಗುವಾಗ ಕಾರಿನಲ್ಲಿ ಆ ಮೊದಲ ಚಿತ್ರವೇ ಕಣ್ಣ ಮುಂದೆ ಬಂತು.

ನಾನು ಬರೇಲಿಯಿಂದ ಬಂದು ಎರಡು ವರ್ಷ ಪೊಲೀಸನ, ಟಾಂಗಾವಾಲನ, ಮದುವೆ ದಿಬ್ಬಣದಲ್ಲಿ ಹಿಂದೆ ನಿಲ್ಲುವವನ ಪಾತ್ರ ಮಾಡಿದ್ದೆ. ಸಾಹೇಬರು ಧೈರ್ಯ ಮಾಡಿ ಗಿರಣಿ ಕಾರ್ಮಿಕನ ಕಥೆಗೆ ನನ್ನನ್ನು ನಾಯಕ ಮಾಡಿದರು. ಶೂಟಿಂಗಿಗೆ ನಾಲ್ಕು ದಿನ ಇರುವಾಗ ತಾಯಿಯ ಪಾತ್ರಕ್ಕೆ ಒಪ್ಪಿದ್ದ ದೊಡ್ಡ ನಟಿ, ಹೆಸರಿಲ್ಲದವನಿಗೆ ತಾಯಿಯಾಗಲಾರೆ ಎಂದು ಬಿಟ್ಟುಹೋದರು. ಬಂಡವಾಳ ಹಾಕುತ್ತಿದ್ದ ಶೇಠರಿಗೂ ಅಷ್ಟೇ ಬೇಕಿತ್ತು. "ಚಿತ್ರ ನಿಲ್ಸಿ. ಇಲ್ಲ ಅಂದ್ರೆ ಆ ಹುಡುಗನ್ನ ತೆಗೆದು ಹೆಸರಿರೋರನ್ನ ಹಾಕಿ" ಎಂದರು. ಆಗ ನೀವು, ಮೂವತ್ತೊಂದರ ನೀವು, ಎರಡು ಚಿತ್ರಗಳಲ್ಲಿ ನಾಯಕಿಯಾಗಿ ಹಾಡಿ ಕುಣಿದಿದ್ದ ನೀವು, ಆ ಪಾತ್ರ ನಾನು ಮಾಡುತ್ತೇನೆ ಎಂದು ಎದ್ದು ನಿಂತಿರಿ. ಚಿತ್ರ ನಿಲ್ಲಲಿಲ್ಲ, ನಾನೂ ಉಳಿದೆ. ಆದರೆ ಅಲ್ಲಿಂದ ಮುಂದೆ ಯಾರೂ ನಿಮಗೆ ನಾಯಕಿಯ ಪಾತ್ರ ಕೊಡಲಿಲ್ಲ. ನಿಮಗಿಂತ ಹಿರಿಯ ನಾಯಕರು ಮರದ ಸುತ್ತ ಓಡುತ್ತಿದ್ದಾಗ ನೀವು ಅವರಿಗೂ ಅಮ್ಮನಾಗಿ ಕ್ಷಯ ಬಂದು ಕೆಮ್ಮುತ್ತಿದ್ದಿರಿ.

ಜೈಲಿನಿಂದ ಬಿಡುಗಡೆಯಾದ ಮಗ ಚಾಳಿನ ವಠಾರದ ನಲ್ಲಿಯ ಹತ್ತಿರ ತಾಯಿಯನ್ನು ಕಾಣುವ ದೃಶ್ಯ ನೆನಪಿದೆಯೇ? ನನಗೆ ಅಳು ಬರಲೊಲ್ಲದು. ಮುಖ ಕಿವುಚಿದೆ, ಕಣ್ಣು ಉಜ್ಜಿಕೊಂಡೆ. ಸಾಹೇಬರು ಟೋಪಿ ತೆಗೆದು ನೆಲಕ್ಕೆ ಹೊಡೆದರು. ನೀವು ಕೊಡ ಕೆಳಗಿಟ್ಟು ನನ್ನ ಕಿವಿಯ ಹತ್ತಿರ ಬಂದು ಹೇಳಿದಿರಿ: "ಅಳೋಕೆ ಯಾಕೋ ಅಷ್ಟು ಕಷ್ಟಪಡ್ತೀಯ? ಅಳು ಬಂದಿದೆ ಅಂದ್ಕೊ, ಅದನ್ನ ತಡ್ಕೊ. ಜನ ದುಡ್ಡು ಕೊಟ್ಟು ನೋಡೋದು ತಡ್ಕೊಳ್ಳೋದನ್ನ." ಮುಂದಿನ ಟೇಕಿನಲ್ಲಿ ದೀಪ ಹಿಡಿದವನೂ ಕಣ್ಣೊರೆಸಿಕೊಂಡ. ಇಂದುಬಾಯಿ, ನನ್ನ ನಟನೆ ಎಂದು ಜನ ಏನನ್ನು ಹೊಗಳುತ್ತಾರೋ ಅದೆಲ್ಲ ಆ ಒಂದು ಮಾತಿನಿಂದ ಬೆಳೆದದ್ದು.

ನಿರ್ಮಾಪಕನಾದಾಗಲೂ ಕೈ ಹಿಡಿದವರು ನೀವೇ. ನನ್ನ ಮೊದಲ ನಿರ್ಮಾಣ ಒಂದು ವರ್ಷ ಡಬ್ಬಿಯಲ್ಲೇ ಕೂತಿತ್ತು. ಹಾಡು ಕಡಿಮೆ, ಸಾವು ಜಾಸ್ತಿ ಎಂದು ಹಂಚಿಕೆದಾರರು ಬೆನ್ನು ತೋರಿಸಿದರು. ನೀವು ನನ್ನನ್ನು ಕರೆದುಕೊಂಡು ರೈಲು ಹತ್ತಿ ಅಮರಾವತಿಗೆ ಹೊರಟಿರಿ. ವಿದರ್ಭದ ಹಂಚಿಕೆದಾರ ಚಂಪಾಲಾಲ್ ಶೇಠರು ಗಾದಿಯ ಮೇಲೆ ದಿಂಬಿಗೊರಗಿ ಕೂತಿದ್ದರು. ನನ್ನ ನಮಸ್ಕಾರಕ್ಕೆ ಕತ್ತನ್ನೂ ಎತ್ತಲಿಲ್ಲ. ನನ್ನ ಹಿಂದೆ ನೀವು ಒಳಗೆ ಬಂದದ್ದೇ ತಡ, ಆ ಮನುಷ್ಯ ಧಡಕ್ಕನೆ ಎದ್ದು ನಿಮ್ಮ ಕಾಲಿಗೆ ಬಿದ್ದರು.

"ಅಮ್ಮಾ, ನೀವು ನನ್ನ ಅಂಗಡಿಗೆ ಬರೋದಾ? ಹೇಳಿ ಕಳ್ಸಿದ್ರೆ ನಾನೇ ಬರ್ತಿದ್ನಲ್ಲ."

"ನನ್ನ ಮಗ ಒಂದು ಸಿನಿಮಾ ಮಾಡಿದ್ದಾನಪ್ಪ. ಯಾರೂ ತಗೊಳ್ತಿಲ್ಲ" ಎಂದಿರಿ ನೀವು, ಅದೇ ಚಾಳಿನ ನಲ್ಲಿಯ ಹತ್ತಿರದ ತಾಯಿಯ ದನಿಯಲ್ಲಿ.

ಶೇಠರು ಚಿತ್ರವನ್ನು ನೋಡದೆಯೇ ಒಪ್ಪಿಕೊಂಡರು. ಪೂರಿ, ಶ್ರೀಖಂಡ ಬಡಿಸಿ ಕಳುಹಿಸಿದರು. ಬೀದಿಗೆ ಬಂದ ಮೇಲೆ ನೀವು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕದ್ದು ಇಂದಿಗೂ ಕಿವಿಯಲ್ಲಿದೆ. "ಅವನಿಗೆ ಅರವತ್ತಾಗಿದೆ ಕಣೋ. ನಾನು ತಲೆ ಮುಟ್ಟಿ ದೀರ್ಘಾಯುಷ್ಯವಂತನಾಗು ಅಂತ ಹರಸಿ ಬಂದೆ." ಆ ಚಿತ್ರ ವಿದರ್ಭದಲ್ಲಿ ಓಡಿದ ಮೇಲೆಯೇ ಉಳಿದ ಊರುಗಳು ಕೇಳಿದ್ದು. ಖಾರಿನ ಈ ಮನೆ, ಮಕ್ಕಳ ಓದು, ನನ್ನ ಕಂಪನಿಯಲ್ಲಿ ದುಡಿಯುವವರ ಒಲೆ, ಎಲ್ಲದರ ಹಿಂದೆ ಆ ಮಧ್ಯಾಹ್ನ ಇದೆ.

ರಾಜೇಶ್ವರಿ ತೀರಿಕೊಂಡು ಈ ಮಾಘಕ್ಕೆ ನಾಲ್ಕು ವರ್ಷ. ನೀವು ಮನೆಗೆ ಬಂದ ದಿನಗಳಲ್ಲಿ ಅವಳು, "ಇಂದುಬಾಯಿ ಬಂದ್ರೆ ಇವರು ಎರಡು ಫುಲ್ಕ ಜಾಸ್ತಿ ತಿಂತಾರೆ, ದಿನಾ ಬರ್ರೀ" ಎಂದು ನಗುತ್ತಿದ್ದಳು. ಒಳ್ಳೆಯ ಹೆಂಗಸು. ಅವಳ ಜೊತೆ ಬಾಳಿದ್ದಕ್ಕೂ ನಾನು ದೇವರಿಗೆ ಕೈ ಮುಗಿಯುತ್ತೇನೆ.

ಈಗ ಈ ಕಾಗದದ ಕೆಲಸಕ್ಕೆ ಬರುತ್ತೇನೆ. ಬೇಸಿಗೆಗೆ ಒಂದು ಚಿತ್ರ ಶುರು ಮಾಡುತ್ತಿದ್ದೇನೆ. ಬಹುಶಃ ಇದೇ ನನ್ನ ಕೊನೆಯದು. ಗಿರಗಾಂವಿನ ಒಂದು ಕೋಣೆಯಲ್ಲಿ ಜಗಳವಾಡುತ್ತ, ಚಹಾ ಕುಡಿಯುತ್ತ ಮುಪ್ಪಾಗುವ ಗಂಡ ಹೆಂಡತಿಯ ಕಥೆ. ಗಂಡ ನಾನು. ಹೆಂಡತಿಯ ಪಾತ್ರ ನೀವು ಮಾಡಬೇಕು. ಚಿತ್ರ ನಿರ್ದೇಶಿಸುವ ನನ್ನ ಮಗ ಸುಬೋಧ್ ಮೊದಲು ಹೌಹಾರಿದ.

"ಪಪ್ಪಾ, ಜನ ನಗ್ತಾರೆ. ಅವರು ನಿಮ್ಮ ತಾಯಿ ಅಲ್ವಾ?"

"ಅಲ್ಲ ಕಣೋ" ಎಂದೆ.

ನನ್ನ ಮುಖ ನೋಡಿ ಎದ್ದು ಹೋದ. ಎರಡು ದಿನ ಬಿಟ್ಟು ತಾನೇ ಬಂದು, "ಅವರು ಮಾಡೋದಾದ್ರೆ ಅವರೇ ಸರಿ. ಬೇರೆಯವರಿಗೆ ಕೂದಲು ಬಿಳಿ ಮಾಡಿ ತಂದ್ರೆ ಸುಳ್ಳಾಗುತ್ತೆ" ಎಂದ. ನಿಮ್ಮ ಕಣ್ಣಿಗೆ ದೀಪ ಚುಚ್ಚದ ಹಾಗೆ ಬೆಳಗಿನ ಬಿಸಿಲಿನಲ್ಲೇ ಚಿತ್ರೀಕರಿಸುತ್ತಾನಂತೆ. ಮಂದಾಳೂ ಜೊತೆಗೆ ಬರಲಿ, ಮನೆಯಲ್ಲಿ ಮೇಲಿನ ಕೋಣೆ ಖಾಲಿ ಇದೆ. ಒಪ್ಪುವುದೂ ಬಿಡುವುದೂ ನಿಮ್ಮ ಇಷ್ಟ. ಒಪ್ಪದಿದ್ದರೆ ಈ ಚಿತ್ರ ಮಾಡುವುದಿಲ್ಲ, ಅಷ್ಟೇ.

ಹೊತ್ತಿಗೆ ಸರಿಯಾಗಿ ಕಣ್ಣಿಗೆ ಔಷಧಿ ಬಿಟ್ಟುಕೊಳ್ಳಿ, ಒಲೆಯ ಹೊಗೆಯ ಹತ್ತಿರ ಹೋಗಬೇಡಿ. ಹರಸುವಷ್ಟು ದೊಡ್ಡವನು ನಾನಲ್ಲ. ನಿಮ್ಮೂರು ಸಾಂಗ್ಲಿಯ ಗಣಪತಿ ನಿಮ್ಮ ಕಣ್ಣ ಬೆಳಕನ್ನು ನೂರು ವರ್ಷ ಕಾಯಲಿ.

ನಿಮ್ಮಿಂದ ಬೆಳೆದವನು,
ಕೇದಾರ್

ತಾ.ಕ.: ಇಷ್ಟಕ್ಕೆ ಮುಗಿಸಿ ಲಕೋಟೆಗೆ ಅಂಟು ಹಚ್ಚಬೇಕೆಂದಿದ್ದೆ, ಆಗಲಿಲ್ಲ. ನಮ್ಮ ಆ ಮೊದಲ ಚಿತ್ರಕ್ಕೆ ಮುಂಚೆ ನಿನ್ನನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ಸೆಟ್ಟಿನಲ್ಲಿ ತಾಯಿಯ ಭಾವ ಬರಲೆಂದು ಸಾಹೇಬರು ಬಹುವಚನ ಹಚ್ಚಿಸಿದರು, ಅದೇ ಉಳಿದುಬಿಟ್ಟಿತು. ಇದೊಂದನ್ನು ಹಳೆಯ ಹಾಗೆ ಬರೆಯುತ್ತೇನೆ.

ಸಾಯುವುದಕ್ಕೆ ಒಂದು ವಾರ ಮೊದಲು ಹಫೀಜ್ ಸಾಹೇಬರು ನನ್ನನ್ನು ಆಸ್ಪತ್ರೆಗೆ ಕರೆಸಿಕೊಂಡಿದ್ದರು. ಉಸಿರಿಗೆ ಕಷ್ಟಪಡುತ್ತ ಹೇಳಿದರು. ಆ ಪಾತ್ರ ಒಪ್ಪುವ ಮುಂಚೆ ನೀನು ಅವರನ್ನು, "ಇದನ್ನ ಮಾಡಿದ್ಮೇಲೆ ನಾನು ಕೇದಾರನ್ನ ಮದುವೆ ಆಗ್ಬಹುದಾ ಸಾಹೇಬ್ರೇ?" ಎಂದು ಕೇಳಿದೆಯಂತೆ. ಅವರು, "ಮದುವೆ ಆದ್ರೆ ಆ ಹುಡುಗನ ಸಿನಿಮಾ ಯಾರೂ ನೋಡಲ್ಲ ಮಗಳೇ" ಎಂದರಂತೆ. ನೀನು ಪಾತ್ರದ ಸೀರೆ ಎಲ್ಲಿ ಎಂದು ಕೇಳಿದೆಯಂತೆ.

ಅದಕ್ಕೂ ಹಿಂದಿನ ವಾರ ಶಿವಾಜಿ ಪಾರ್ಕಿನ ಕಟ್ಟೆಯ ಮೇಲೆ ಕೂತು ಮದುವೆಯ ಮಾತು ಎತ್ತಿದವನು ನಾನು. ಪಾತ್ರ ಒಪ್ಪಿದ ಮೇಲೆ ನೀನು ನನಗೆ ಕೊಟ್ಟ ಉತ್ತರ ಬೇರೆ. "ನೀನಿನ್ನೂ ಹುಡುಗ, ನಂಗೆ ಹಾಗೆಲ್ಲ ಅನ್ನಿಸಿಲ್ಲ" ಎಂದಿದ್ದೆ. ನಾನು ಅದನ್ನು ನಂಬಿದೆ. ಇಷ್ಟು ವರ್ಷ ನಂಬಿಕೊಂಡೇ ಬಂದೆ.

ಸಿಟ್ಟು ಮಾಡಿಕೊಳ್ಳೋಣವೆಂದು ನೋಡಿದೆ, ಬರಲಿಲ್ಲ. ನನಗೆ ಸಿಕ್ಕಿದ್ದೆಲ್ಲ ನೀನು ಬಿಟ್ಟುಕೊಟ್ಟದ್ದರಿಂದ ಸಿಕ್ಕಿದ್ದು. ಆದರೆ ಆ ದಿನ ನೀವಿಬ್ಬರೂ ಕೂತು ನನ್ನ ಬದುಕನ್ನು ತೀರ್ಮಾನಿಸುವಾಗ, ನಾನು ಹೊರಗೆ ಬಾಗಿಲಲ್ಲೇ ನಿಂತಿದ್ದೆ. ಒಂದು ಮಾತು ನನ್ನನ್ನೂ ಕೇಳಬೇಕಿತ್ತು, ಇಂದೂ.