ಸೇತುವೆಯ ಮೇಲೆ ನಿಲ್ಲುವವಳು

ರೇಗನ್ಸ್‌ಬರ್ಗ್
ಜನವರಿ 12, ಸೋಮವಾರ

ಹಟಮಾರಿ ಓತಾಗೆ,

ಬ್ಲಾಂಕಾಳ ನೆನಕೆಗಳು. ಈ ಕಾಗದವನ್ನು ನಿನ್ನ ಅಕ್ಕ ಯಾರ್ಮಿಲಾ ಓದಿ ಹೇಳುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅತ್ತಿಗೆಯೆದುರು ನಾಚಿಕೊಳ್ಳುವ ವಯಸ್ಸು ನನ್ನದಲ್ಲ.

ಹತ್ತೊಂಬತ್ತು ಚಳಿಗಾಲ ಇಬ್ಬರೂ ಫೋಟೋ ತೆಗೆಯಲು ಹೊರಟ ದಾರಿಯಲ್ಲಿ ಈ ಸಲ ಒಬ್ಬಳೇ ಬಂದಿದ್ದೇನೆ. ಓಲೊಮೌತ್ಸ್‌ನ ಮನೆಗೆ ಬೀಗ ಹಾಕಿ, ನೀನು ಬಿಟ್ಟುಹೋದ ಕ್ಯಾಮೆರಾ, ಟ್ರೈಪಾಡ್ ಎರಡನ್ನೂ ಹೊತ್ತು ತಂದೆ. ರೈಲು ಗಡಿ ದಾಟುವ ಮುಂಚೆಯೇ ಬ್ರೆಡ್ಡಿನ ನಡುವೆ ಇಟ್ಟ ಕರಿದ ಮಾಂಸದ ಪೊಟ್ಟಣ ಬಿಚ್ಚಿದೆ. ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ಕಟ್ಟಿಕೊಂಡಿದ್ದೆ. ಎದುರಿಗಿದ್ದ ಜರ್ಮನ್ ಹೆಂಗಸು ಮೂಗು ಮುರಿದಳು. ನೀನಿದ್ದಿದ್ದರೆ ಅವಳಿಗೂ ಒಂದು ತುಂಡು ಕೊಟ್ಟು ಮಾತಿಗೆ ಎಳೆಯುತ್ತಿದ್ದೆ.

ಇವತ್ತು ಬೆಳಿಗ್ಗೆ ಕಲ್ಲುಸೇತುವೆಗೆ ಹೋಗಿದ್ದೆ. ನಿನಗೆ ಬೇಕಾದಂಥದೇ ಬೆಳಕು. ನದಿಯಿಂದ ಮಂಜು ಏಳುತ್ತಿತ್ತು, ನರಪಿಳ್ಳೆ ಇರಲಿಲ್ಲ. ಟ್ರೈಪಾಡ್ ನಿಲ್ಲಿಸಿ ನೋಡಿದರೆ ಚಿತ್ರ ಬಣಗುಟ್ಟುತ್ತಿತ್ತು. ಯಾವ ಊರಿಗೆ ಹೋದರೂ ನನ್ನನ್ನು ಕಮಾನಿನ ಕೆಳಗೆ, ಸೇತುವೆಯ ಮೇಲೆ ಅಟ್ಟುತ್ತಿದ್ದೆಯಲ್ಲ: "ಹೋಗೇ, ಅಲ್ಲಿ ನಿಂತ್ಕೋ. ಒಬ್ಬ ಮನುಷ್ಯ ಇಲ್ದಿದ್ರೆ ಕಟ್ಟಡ ಎಷ್ಟೆತ್ತರ ಅಂತ ಯಾರಿಗೆ ಗೊತ್ತಾಗತ್ತೆ?" ಕಾಲು ಮರಗಟ್ಟುವವರೆಗೆ ನಿಂತಿದ್ದೇನೆ. ಮನೆಯಲ್ಲಿರುವ ಸಾವಿರಾರು ಚಿತ್ರಗಳಲ್ಲಿ ನನ್ನ ಬೆನ್ನಿದೆ, ನೀನು ಒಂದರಲ್ಲೂ ಇಲ್ಲ. ನೀನು ಮನೆ ಬಿಟ್ಟ ಈ ಹತ್ತು ತಿಂಗಳಲ್ಲಿ ನಿನ್ನ ಮುಖ ನೋಡಬೇಕೆನಿಸಿದಾಗಲೆಲ್ಲ ನಿನ್ನ ಹಳೆಯ ಪಾಸ್‌ಪೋರ್ಟ್ ತೆಗೆದು ನೋಡಿದ್ದೇನೆ. ಅದರಲ್ಲಿ ಕೋಳಿ ಕದ್ದವನ ಹಾಗಿದ್ದೀಯ. ಆದರೂ ನೋಡುತ್ತೇನೆ.

ನಮ್ಮ ಫೋಟೋ ಕ್ಲಬ್ಬಿನ ಆ ಸಂಜೆಯ ಬಗ್ಗೆಯೂ ಬರೆಯಲೇಬೇಕು. ಚಳಿಗಾಲದ ಚಿತ್ರಗಳನ್ನು ನಾವು ಮೊದಲು ನೋಡದೆ, ಲ್ಯಾಬಿನಿಂದ ಬಂದ ಹಾಗೆಯೇ ಮಾರ್ಚಿನಲ್ಲಿ ಅಲ್ಲಿನ ಪರದೆಯ ಮೇಲೆ ಎಲ್ಲರ ಜೊತೆ ನೋಡುವುದು ವಾಡಿಕೆ. ಕಳೆದ ಸಲ ನಾವು ಹೋಗಿದ್ದ ಬಾಂಬರ್ಗಿನ ಚಿತ್ರಗಳು ಒಂದಾದ ಮೇಲೊಂದು ಮಸುಕಾಗಿ ಬಂದವು. ಆಮೇಲೆ ಅಧ್ಯಕ್ಷ ಸ್ವಾತೊಪ್ಲುಕ್, "ಏನಪ್ಪಾ ಓತಾ, ಬಾಂಬರ್ಗನ್ನ ಹೊರಗಿಂದ ತೆಗೆದ್ಯೋ, ಬಿಯರ್ ಲೋಟದೊಳಗಿಂದ ತೆಗೆದ್ಯೋ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕು, "ಇವನಿಗೀಗ ಸೋಮಾರಿತನ. ಫೋಕಸ್ ಮಾಡೋಕೂ ಮೈ ಬಗ್ಗಲ್ಲ" ಎಂದೆ. ನೀನು ಕೋಟು ಹಾಕಿಕೊಂಡು ಎದ್ದುಹೋದೆ, ಅಲ್ಲಿಂದ ನೇರ ಅಕ್ಕನ ಮನೆಗೆ. ಮನೆಯೊಳಗೆ ಹಾಕುವ ಚಪ್ಪಲಿಯನ್ನೂ ಒಯ್ಯಲಿಲ್ಲ.

ನಿನ್ನ ಕಣ್ಣಿನ ವಿಷಯ ನನಗೆ ತಿಳಿದದ್ದು ಅಕ್ಟೋಬರಿನಲ್ಲಿ, ಅತ್ತಿಗೆ ಫೋನು ಮಾಡಿದಾಗ. ಮೊದಲೇ ಗೊತ್ತಿದ್ದರೆ ಹಾಗೆ ನಗುತ್ತಿದ್ದೆನೇ?

ನಿನಗೆ ನಡುವಿನದು ಕಾಣುವುದಿಲ್ಲ, ಅಂಚಿನದು ಕಾಣುತ್ತದೆ ಎಂದರು. ಹಾಗಾದರೆ ಇನ್ನು ಮೇಲೆ ಅಂಚಿನಲ್ಲಿ ನಿಲ್ಲುತ್ತೇನೆ. ನೀನು ಜಾಗ ಹೇಳು, ಬೆಳಕು ಹೇಳು, ಬೇಕಾದರೆ ಬಯ್ಯಿ. ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ. 24ರ ಶನಿವಾರ ಪಾಸೌಗೆ ಬಾ. ವಿಯೆನ್ನಾದಲ್ಲಿ ಒಂದೇ ಸಲ ಗಾಡಿ ಬದಲಾಯಿಸಬೇಕು, ಅಲ್ಲಿಯವರೆಗೆ ಅತ್ತಿಗೆ ಬರುತ್ತಾರೆ. ಮಧ್ಯಾಹ್ನದಿಂದ ಕೊನೆಯ ಗಾಡಿಯವರೆಗೂ ಸ್ಟೇಷನ್ನಿನಲ್ಲೇ ಇರುತ್ತೇನೆ. ನಿನ್ನನ್ನು ಬಿಟ್ಟಿರಲು ನನ್ನಿಂದ ಆಗುತ್ತಿಲ್ಲ, ಓತಾ.

ಇನ್ನೂ ನಿನ್ನವಳೇ ಆದ
ಬ್ಲಾಂಕಾ

ತಾ.ಕ.: ಅತ್ತಿಗೆ, ಇದನ್ನು ಓದದೆ ಮಡಿಚಿಡೋಣ ಅನಿಸುತ್ತದೆ ನಿಮಗೆ. ಹಾಗೆ ಮಾಡಬೇಡಿ, ಪೂರ್ತಿ ಓದಿ. ಓತಾ, ಮೇಲೆ ಅಕ್ಟೋಬರ್ ಎಂದು ಬರೆದದ್ದು ಸುಳ್ಳು. ನಿನ್ನ ಕಣ್ಣು ಮಂಜಾದದ್ದು ನಿನಗಿಂತ ಮೊದಲು ನನಗೆ ಗೊತ್ತಾಗಿತ್ತು. ಮೂರು ಚಳಿಗಾಲ, ನೀನು ಬೆಳಕು ಅಳೆಯಲು ಗೋಡೆಯ ಹತ್ತಿರ ಹೋದಾಗಲೆಲ್ಲ ಸದ್ದಿಲ್ಲದೆ ಫೋಕಸ್ ಸರಿಮಾಡಿ, ಆಮೇಲೆ ಹೋಗಿ ನಿಲ್ಲುತ್ತಿದ್ದೆ. ಬಾಂಬರ್ಗಿನಲ್ಲಿ ಹೋಟೆಲಿನವನ ಮುಂದೆ ನೀನು, "ಇವಳಿಗೆ ಫೋಟೋಗೀಟೋ ಏನೂ ಗೊತ್ತಿಲ್ಲ, ನಿಲ್ಲೋಕೆ ಮಾತ್ರ ಬರತ್ತೆ" ಎಂದೆ. ಅವತ್ತಿನಿಂದ ಕ್ಯಾಮೆರಾ ಮುಟ್ಟಲಿಲ್ಲ. ಎಲ್ಲವೂ ಮಸುಕಾಗಿ ಬರುತ್ತವೆಂದು ಗೊತ್ತಿದ್ದೇ ಹೋಗಿ ನಿಂತೆ. ಇದನ್ನು ಕೇಳಿದ ಮೇಲೂ ಬರಬೇಕೆನಿಸಿದರೆ, ಬಾ.