ಒಣ ಪೇರ್‌ಹಣ್ಣಿನ ಡಬ್ಬದಲ್ಲಿ ಬೋಲ್ಟು

ಅಕ್ಟೋಬರ್ 31, ಶುಕ್ರವಾರ, ಸಂಜೆ

ಮತ್ತೆ ಕೈ ತೊಳೆದೆ. ಎಣ್ಣೆ ಹೋಗುತ್ತಿಲ್ಲ. ತರಬೇತಿ ಮುಗಿಸಿ, ಘನ ಸ್ವಿಸ್ ಸೇನೆ ಮನೆಯಲ್ಲೇ ಇಟ್ಟುಕೊಳ್ಳಲು ದಯಪಾಲಿಸಿದ ಕೋವಿಯನ್ನು ಹೊತ್ತು, ಎಲ್ಲ ಸೈನಿಕರಂತೆ ರೈಲಿನಲ್ಲೇ ಮನೆಗೆ ಬಿಜಯಂಗೈದದ್ದಾಯಿತು. ದಾರಿಯಲ್ಲಿ ಗೌರವಿಸಿದ್ದು ಒಬ್ಬಳೇ ಅಜ್ಜಿ. "ಅದನ್ನ ಸ್ವಲ್ಪ ಸರಿಸಪ್ಪ, ನನ್ನ ಎಲೆಕೋಸು ಜಜ್ಜಿಹೋಗ್ತದೆ."

ಅಡುಗೆಮನೆ ಮೇಜಿನ ಮೇಲೆ ಬಿಚ್ಚಿದೆ. ಬಿಚ್ಚುವುದು ಸುಲಭ. ಜೋಡಿಸುವುದು... ಬೈಯುವ ಸಾರ್ಜೆಂಟ್ ಪಕ್ಕದಲ್ಲಿಲ್ಲದೆ ಕೈಯೇ ಓಡದು. ಪುಟ್ಟ ಮೊಳೆಯೊಂದು ಉರುಳಿ ಒಲೆಯಡಿ ಸೇರಿತು. ಮಂಡಿಯೂರಿ ಹುಡುಕುತ್ತಿದ್ದಾಗ ಅಪ್ಪ ಬಂದ. ಏಪ್ರಿಲ್‌ನಲ್ಲಿ ಅಮ್ಮನ ಮಣ್ಣಾದಾಗಿನಿಂದ ಊಟಕ್ಕೂ ಕರೆದರಷ್ಟೇ ಬರುವವನು. ಸಿಕ್ಕ ಮೊಳೆ ಇಸಕೊಂಡು, ಕಿಟಕಿಯಾಚೆ ನೋಡುತ್ತಲೇ ಎಲ್ಲ ಜೋಡಿಸಿಟ್ಟ.

"ನಿನ್ನ ಸಾರ್ಜೆಂಟು ಕುರಿ ಕಾಯ್ತಿದ್ನಾ?"

ಅಪ್ಪ ತಮಾಷೆ ಮಾಡಿದ! ಏಪ್ರಿಲ್ ನಂತರ ಮೊದಲ ಸಲ.

ನವೆಂಬರ್ 1, ಶನಿವಾರ

ಅಕ್ಕ ವ್ರೇನಿ ಬಂದಳು. ಕೋವಿ ಕಂಡಳು. ಕೋಟೂ ಬಿಚ್ಚಲಿಲ್ಲ.

"ಫ್ರಿಡ್ಲಿ, ತಲೆ ನೆಟ್ಟಗಿದೆಯೇನೋ? ಅಪ್ಪನ ಕೋವೀನ ನಾನ್ಯಾಕೆ ಆಯುಧಾಗಾರಕ್ಕೆ ಕೊಟ್ಟುಬಂದೆ?"

"ಧೂಳು ಒರೆಸೋಕೆ ಸೋಮಾರಿತನ."

"ಸಾಯ್ತೀನಿ ಅಂದಿದ್ರು ಕಣೋ. ಇದನ್ನೂ ಸೋಮವಾರ ಕೊಟ್ಟುಬಾ. ಕಾರಣಾನೂ ಕೇಳಲ್ಲ ಅವರು."

ಅವರು ಕೇಳುವುದಿಲ್ಲ, ನಿಜ. ಊರು ಕೇಳುತ್ತದೆ. ಮೊದಲ ವಾರವೇ ಶಸ್ತ್ರತ್ಯಾಗ ಮಾಡಿದ ಮಹಾವೀರ!

ಕೊನೆಗೆ ಸಂಧಾನ: ಕೋವಿಯ ಗುಂಡು ಸಿಡಿಸುವ ಭಾಗ, ಬೋಲ್ಟು, ಬಿಚ್ಚಿ ಬೇರೆ ಕಡೆ ಬಚ್ಚಿಡುವುದು. ನಿಯಮವೂ ಅದೇ. ಬೋಲ್ಟಿಲ್ಲದ ಕೋವಿ ಬರೀ ದೊಣ್ಣೆ. ಒಣ ಪೇರ್‌ಹಣ್ಣಿನ ಡಬ್ಬದ ತಳದಲ್ಲಿ ಸಕಲ ಸರ್ಕಾರಿ ಮರ್ಯಾದೆಗಳೊಂದಿಗೆ ಹೂತೆ. ಅಪ್ಪ ಅದನ್ನು ಮುಟ್ಟುವುದಿಲ್ಲ, ಅಮ್ಮ ಒಣಗಿಸಿಟ್ಟದ್ದು.

ನವೆಂಬರ್ 9, ಭಾನುವಾರ

ಅಪ್ಪ ಕ್ಷೌರ ಮಾಡಿಕೊಂಡಿದ್ದಾನೆ. ಏನೋ ಹಳೇ ರಾಗ ಗುನುಗುತ್ತಾನೆ. ಮರಗೆಲಸದ ಉಳಿಗಳನ್ನೆಲ್ಲ ಪಕ್ಕದ ಮನೆಗೆ ಕೊಟ್ಟುಬಿಟ್ಟ — ದಾನಶೂರ! ವ್ರೇನಿಗೆ ಫೋನು ಹಚ್ಚಿ ಎಲ್ಲ ವರದಿ ಒಪ್ಪಿಸಿ ಘೋಷಿಸಿದೆ, "ಕೋವಿ ವೈದ್ಯರ ಚಿಕಿತ್ಸೆ ಫಲಿಸಿದೆ."

ಅವಳು ನಗಲಿಲ್ಲ. "ಉಳೀನೂ ಕೊಟ್ರಾ?" ಅಂದಳು. "ಫ್ರಿಡ್ಲಿ, ನಂಗೆ ಭಯ ಆಗ್ತಿದೆ."

ಹೆಂಗಸರ ಅಂಜಿಕೆ ಎಂದು ಬರೆಯಹೊರಟೆ. ನನಗೂ ಯಾಕೋ...

ನವೆಂಬರ್ 15, ಶನಿವಾರ, ಮಧ್ಯಾಹ್ನ

ಬ್ರೆಡ್ ಅಂಗಡಿಯಲ್ಲಿ ಹೈರಿ ಸಿಕ್ಕ, ಊರವರು ಗುಂಡು ಹೊಡೆದು ಅಭ್ಯಾಸ ಮಾಡುವ ಗುರಿ ಮೈದಾನದ ಉಸ್ತುವಾರಿ. ಬೆನ್ನಿಗೆ ಗುದ್ದಿದ.

"ನಿಮ್ಮಪ್ಪ ಬುಧವಾರ ಬಂದಿದ್ದ ಮಾರಾಯ! ಒಂದು ಡಬ್ಬಿ ಗುಂಡು ತಗೊಂಡ, ನಮ್ಮ ಜೊತೆ ಕೂತ, ಒಂದೂ ಹೊಡೀಲಿಲ್ಲ. ಎಲ್ಲರ ಕೈ ಕುಲುಕಿ ಹೋದ."

"ಗುಂಡು?"

"ಉಳಿದದ್ದು ವಾಪಸ್ ಕೊಡ್ಬೇಕು. ಆದ್ರೆ ನಿಮ್ಮಪ್ಪನ ಜೇಬು ಯಾರು ತಡಕ್ತಾರೋ? ಹುಡುಗರಾಗಿದ್ದಾಗಿಂದ ಗೆಳೆಯ ಅವ್ನು."

ಬ್ರೆಡ್ ಅಲ್ಲೇ ಬಿಟ್ಟೆ. ಓಡಿದೆ.

ಅಡುಗೆಮನೆ. ಡಬ್ಬದ ಪೇರ್‌ಹಣ್ಣು ತಟ್ಟೆಯ ತುಂಬ ಸುರಿದಿತ್ತು. ಕೋವಿ ಮೇಜಿನ ಮೇಲೆ, ಪೂರ್ತಿ ಜೋಡಿಸಿ. ಅಪ್ಪ ಎದುರಿಗೆ, ಎರಡೂ ಕೈ ತೊಡೆಯಡಿ ಸಿಕ್ಕಿಸಿಕೊಂಡು.

"ಬೋಲ್ಟು ನೀನು ಬಚ್ಚಿಟ್ಟ ದಿನಾನೇ ಸಿಕ್ತು ಕಣೋ," ಅಂದ. "ನೀನು ಕೆಲಸಕ್ಕೆ ಹೋದ್ಮೇಲೆ ದಿನಾ ಜೋಡಿಸ್ತಿದ್ದೆ. ಮತ್ತೆ ಬಿಚ್ಚಿಡ್ತಿದ್ದೆ. ಇವತ್ತು ಬಿಚ್ಚೋಕೆ ಆಗ್ತಿಲ್ಲ. ತಗೊಂಡು ಹೋಗು. ಎಲ್ಲಿಡ್ತೀಯ ಹೇಳ್ಬೇಡ."

ಗುಂಡಿನ ಡಬ್ಬಿಯನ್ನು ಮೊಣಕೈಯಿಂದ ತಳ್ಳಿದ.

ನವೆಂಬರ್ 17, ಸೋಮವಾರ, ಆಯುಧಾಗಾರದ ಸಾಲಿನಲ್ಲಿ

ಶನಿ, ಭಾನು ಇಲ್ಲಿ ಬೀಗ. ಕೋವಿಯೊಂದಿಗೆ ನಾನು ವ್ರೇನಿಯ ಮನೆಯಲ್ಲಿದ್ದೆ. ಅವಳು ನಮ್ಮ ಮನೆಯಲ್ಲಿ, ಅಪ್ಪನ ಕೋಣೆಯ ಬಾಗಿಲಲ್ಲಿ ಕಾವಲು. ಈಗಷ್ಟೇ ಫೋನು ಮಾಡಿದಳು. "ಡಾಕ್ಟರ ಹತ್ರ ಬರ್ತಾರಂತೆ. ಆದ್ರೆ ನೀನು ಕೋವಿ ಕೊಟ್ಟಾಯ್ತು ಅಂದ್ಮೇಲೇ. ಶೂ ಹಾಕ್ಕೊಂಡು ನಿಂತಿದ್ದಾರೆ. ಬೇಗ."

ನನ್ನ ಮುಂದೆ ಒಬ್ಬನಿದ್ದಾನೆ. ಮಾತೊಂದು ಸಿದ್ಧ ಮಾಡಿಕೊಂಡು ಬಂದಿದ್ದೆ: ನಮ್ಮ ಮನೆಯ ಊಟ ಕೋವಿಗೆ ಒಗ್ಗಲಿಲ್ಲ, ಸ್ವಾಮಿ. ಮನಸ್ಸಿನಲ್ಲೇ ಹೇಳಿನೋಡಿದೆ. ಕೈಬಿಟ್ಟೆ.

ಮುಂದಿದ್ದವನು ಹೋದ. ಕಿಟಕಿಯಾತ ಕೋವಿ ನೋಡಿದ, ನನ್ನ ಮುಖ ನೋಡಿದ, ಕೈ ಚಾಚಿದ. ಕಾರಣ ಕೇಳಲಿಲ್ಲ. ಆದರೂ ಕೋವಿ ಅವನ ಕೈಗಿಡುತ್ತ ನಾನೇ ಶುರುಮಾಡಿದೆ, "ನಮ್ಮಪ್ಪ —"